ತಟ್ಟೆ ಮುಟ್ಟದೆ ಹೋದವನು

ಜುನೈದಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಸುರಯಾಳ ಕೈ ತಾನಾಗಿಯೇ ತಲೆವಸ್ತ್ರದ ಅಂಚಿಗೆ ಹೋಯಿತು.

ಅಣ್ಣನನ್ನು ಮಣ್ಣು ಮಾಡಿದ ದಿನದ ನಂತರ ಅವಳು ಅವನನ್ನು ನೋಡುತ್ತಿದ್ದದ್ದು ಇದೇ ಮೊದಲು.

ಸೊರಗಿದ್ದಾನೆ... ಸೊರಗಲಿ. ನನಗೇನು?

ಹಾಗಂದುಕೊಂಡಳೇ ಹೊರತು ಕಣ್ಣು ಅವನ ಮೇಲಿಂದ ಕದಲಲಿಲ್ಲ. ಹೆಣ್ಣಿನ ಮನಸ್ಸೇ ಹಾಗೆ ಎಂದು ನಾನು ಹೇಳುವುದಿಲ್ಲ. ಪ್ರೀತಿಸಿದವರ ಮನಸ್ಸೆಲ್ಲ ಹಾಗೆಯೇ.

ಶಾ ಆಲಮ್ ನಗರದ ಆ ಪುಟ್ಟ ಹೋಟೆಲಿಗೆ ಬರುವವರು ಹೆಚ್ಚಾಗಿ ಸಮುದ್ರದಾಚೆಯ ಸರವಾಕ್ ಕಡೆಯವರು. ಸುರಯಾಳ ಅಪ್ಪ ಬುಜಾಂಗ್ ಬೇಕೆಂದೇ ಈ ಜಾಗ ಆರಿಸಿದ್ದರು. ಮನೆಗೆ ಕರೆದರೆ ಹೆಂಡತಿ ಹಲೀಜಾ ಬಾಗಿಲು ತೆಗೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಸುರಯಾ, ಜುನೈದಿಯ ನಿಶ್ಚಿತಾರ್ಥ ಮುರಿದಿತ್ತು. ಮುರಿದರೂ ಎರಡೂ ಕಡೆಯ ಹಿರಿಯರು ಒಟ್ಟಿಗೆ ಕೂತು ಉಂಡು, ಉಂಗುರವನ್ನು ಕೈಗೆ ಒಪ್ಪಿಸಬೇಕು. ಎಸೆದು ಬರುವುದು ಮರ್ಯಾದಸ್ಥರ ಲಕ್ಷಣವಲ್ಲ.

ತಂದೆತಾಯಿ ಇಲ್ಲದ ಜುನೈದಿಯ ಪರವಾಗಿ ಅವನನ್ನು ಸಾಕಿದ ಚಿಕ್ಕಮ್ಮ ರುಗಾಯಾ ಬಂದಿದ್ದಳು. ಅವಳೇ ಮೊದಲು ಬಾಯಿ ತೆರೆದಳು.

"ಲಕ್ಸಾ ಶಾವಿಗೆಯ ಸಾರು ನೀರುನೀರಾಗಿದೆ, ಬುಜಾಂಗ್. ನಮ್ಮೂರು ಕೂಚಿಂಗ್‌ನಲ್ಲಾಗಿದ್ರೆ ಬಟ್ಟಲು ಸಮೇತ ವಾಪಸ್ ಕಳಿಸ್ತಿದ್ವಿ."

"ಊರು ಬಿಟ್ಟು ಬಂದವ್ರು ನಾವು. ಸಿಕ್ಕಿದ್ದೇ ರುಚಿ ಅನ್ಕೋಬೇಕು."

"ನೀವು ಬಿಡಿ, ಮೀನಿನ ಮುಳ್ಳನ್ನೂ ಬಿಡದವರು."

ಯಾರೂ ನಗಲಿಲ್ಲ. ಹಲೀಜಾ ತನ್ನ ಮುಂದಿದ್ದ ಉಮಾಯ್ ತಟ್ಟೆಯನ್ನೇ ನೋಡುತ್ತಿದ್ದಳು. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು, ಈರುಳ್ಳಿ, ಮೆಣಸಿನಕಾಯಿ. ಸತ್ತ ಮಗ ಹಮ್ದಾನ್‌ಗೆ ಪ್ರಾಣವಾಗಿದ್ದ ತಿಂಡಿ. ರುಗಾಯಾಗೆ ಅದು ಗೊತ್ತಿರಲಿಲ್ಲ, ತರಿಸಿಬಿಟ್ಟಿದ್ದಳು.

ಸರವಾಕ್ ಕಡೆಯವರಲ್ಲಿ ಒಂದು ನಂಬಿಕೆಯಿದೆ. ಯಾರಾದರೂ ಊಟ ಮುಂದಿಟ್ಟಾಗ ತಿನ್ನಲು ಆಗದಿದ್ದರೆ, ತಟ್ಟೆಗೆ ಬೆರಳು ಮುಟ್ಟಿಸಿ ತುಟಿಗೆ ಒತ್ತಿಕೊಂಡಾದರೂ ಹೋಗಬೇಕು. ಮುಟ್ಟದೆ ಹೊರಟವರನ್ನು ದಾರಿಯಲ್ಲಿ ಕೇಡು ಕಾಯುತ್ತಿರುತ್ತದೆ.

ಅಣ್ಣ ಸತ್ತ ದಿನ ಜುನೈದಿ ಹಮ್ದಾನ್‌ನನ್ನು ಫುಟ್‌ಬಾಲ್ ಆಟಕ್ಕೆ ಕರೆಯಲು ಬಂದಿದ್ದ. ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಹೊರಟರು. ಹೆದ್ದಾರಿಯಲ್ಲಿ ಲಾರಿ ಹೊಡೆದದ್ದು ಹಮ್ದಾನ್‌ಗೆ ಮಾತ್ರ. ಔಷಧಿ ಅಂಗಡಿಯ ಕೆಲಸದಿಂದ ಓಡಿಬಂದ ಸುರಯಾ ಕೇಳಿದ್ದು ಅಮ್ಮನ ಗೋಳನ್ನೇ. "ನನ್ನ ಮಗ ತಟ್ಟೆ ಮುಟ್ಟಲಿಲ್ಲ... ಇವನೇ ಅವಸರ ಮಾಡಿ ಎಬ್ಬಿಸ್ಕೊಂಡು ಹೋದ."

"ನಿಜವಾ?" ಎಂದು ಸುರಯಾ ಜುನೈದಿಯನ್ನು ಕೇಳಿದ್ದಳು.

"ಹೌದು. ನಾನೇ ಅವಸರ ಮಾಡ್ದೆ."

ಅಷ್ಟೇ. ಅವಳ ಪಾಲಿಗೆ ಅವನೂ ಅಂದೇ ಸತ್ತುಹೋದ.

ಸತ್ತಿದ್ದರೆ ಈಗ ಎದೆ ಯಾಕಿಷ್ಟು ಹೊಡೆದುಕೊಳ್ಳುತ್ತಿದೆ?

ಬುಜಾಂಗ್ ಉಂಗುರದ ಕೆಂಪು ಪೆಟ್ಟಿಗೆಯನ್ನು ಮೇಜಿನ ಮೇಲೆ ಸರಿಸಿದರು. "ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳಪ್ಪಾ."

"ನಿಮ್ಮದೇನೂ ತಪ್ಪಿಲ್ಲ." ಜುನೈದಿ ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು ಎದ್ದ. "ನಾನು ಬರ್ತೀನಿ."

ಇಷ್ಟಕ್ಕೇ ಮುಗಿದುಹೋಯಿತೇ... ಸುರಯಾ ಆ ಜೇಬನ್ನೇ ನೋಡಿದಳು. ತಾನೇ ಬಯಸಿದ್ದಲ್ಲವೇ ಇದು? ಇಡೀ ಜೀವಮಾನ ಹೀಗೇ ಇರಬೇಕೇ, ಅಣ್ಣನೂ ಇಲ್ಲದೆ, ಇವನೂ ಇಲ್ಲದೆ?

"ಏನೂ ತಿಂದಿಲ್ವಲ್ಲೋ," ರುಗಾಯಾ ಗದರಿದಳು. "ಬೈಕಲ್ಲಿ ಹೋಗೋನು. ಬೆರಳಾದ್ರೂ ಮುಟ್ಟಿಸಿ ಹೋಗು."

ಅವನು ಕೈ ಚಾಚಿದ. ಹತ್ತಿರವಿದ್ದದ್ದು ಹಲೀಜಾಳ ಮುಂದಿನ ತಟ್ಟೆಯೇ. ಅರ್ಧಕ್ಕೆ ಬಂದ ಕೈ ಹಾಗೇ ನಿಂತುಬಿಟ್ಟಿತು. ಹೊಡೆತ ತಿಂದ ಮಗು ದೊಡ್ಡವರ ಮುಖ ನೋಡುವಂತೆ ಅವನು ಹಲೀಜಾಳ ಮುಖ ನೋಡಿದ.

ಹಲೀಜಾ ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು.

"ಮುಟ್ಟಪ್ಪಾ... ಈ ಸಲ ನಾನು ಎಳ್ಕೊಳ್ಳಲ್ಲ."

"ಈ ಸಲ ಅಂದ್ರೆ?" ಸುರಯಾ ಅಮ್ಮನ ಕಡೆ ತಿರುಗಿದಳು.

"ಬೇಡ, ಮಾಕ್ ಚಿಕ್," ಅತ್ತೆಯೆಂದು ಕರೆದು ಜುನೈದಿ ಹಲೀಜಾಳನ್ನು ತಡೆದ. "ಅಮ್ಮ ಸುಸ್ತಾಗಿದ್ದಾರೆ, ಸುರಯಾ. ಮನೆಗೆ ಕರ್ಕೊಂಡು ಹೋಗು."

"ಇನ್ನೂ ನನ್ನ ತಪ್ಪು ಮುಚ್ಚಿಡ್ತೀಯೇನೋ?" ಹಲೀಜಾಳ ದನಿ ಒಡೆಯಿತು. "ಅವತ್ತು ಬೆಳಗ್ಗೆಯಿಂದ ನಿಂತು ಹಮ್ದಾನ್‌ಗೋಸ್ಕರ ಇದನ್ನೇ ಮಾಡಿದ್ದೆ. ಆಟ ಮುಗಿಸ್ಕೊಂಡು ಬಂದು ತಿಂತೀನಮ್ಮ ಅಂದ. ಮುಟ್ಟಿ ಹೋಗೋಣ ಅಂತ ಕೈ ನೀಡ್ದ... ನನಗೆ ಸಿಟ್ಟು. ತಿನ್ನದವನು ಮುಟ್ಟೋದೂ ಬೇಡ ಅಂತ ತಟ್ಟೆ ಎಳ್ಕೊಂಡೆ. ಅವನು ನಗ್ತಾ ಹೋದ."

ಬುಜಾಂಗ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

"ಇವನು ಬಾಗಿಲಲ್ಲಿ ನಿಂತು ಎಲ್ಲಾ ನೋಡಿದ್ದ. ಒಂದ್ಸಲ ಕರೀರಿ ಮಾಕ್ ಚಿಕ್, ಮುಟ್ಟಿ ಹೋಗ್ಲಿ ಅಂತ ನನ್ನ ಬೇಡ್ಕೊಂಡ ಕೂಡ. ನಾನೇ ಬೇಡ ಅಂದೆ. ಆಮೇಲೆ... ಆ ಪಾಪ ಹೊತ್ಕೊಂಡು ಬದುಕೋಕೆ ನನ್ನಿಂದ ಆಗ್ಲಿಲ್ಲ. ಇವನ ತಲೆ ಮೇಲೆ ಹಾಕ್ದೆ."

ಜುನೈದಿ ತಟ್ಟೆಗೆ ಬೆರಳು ಮುಟ್ಟಿಸಿ ತುಟಿಗೆ ಒತ್ತಿಕೊಂಡ. ಹೊರಗೆ ನಡೆದ.

ಸುರಯಾಗೆ ಅಮ್ಮನ ಮೇಲೆ ಕಿರುಚಬೇಕೆನಿಸಿತು. ಆದರೆ ಎದುರಿಗಿದ್ದದ್ದು ಕಿರುಚಿಸಿಕೊಳ್ಳುವಷ್ಟೂ ಜೀವ ಉಳಿಯದ ಹೆಂಗಸು. ಅವಳು ಎದ್ದು ಅವನ ಹಿಂದೆ ಓಡಿದಳು.

ಅವನು ಬೈಕಿನ ಪಕ್ಕ ನಿಂತಿದ್ದ. ಹೆಲ್ಮೆಟ್ಟಿನ ಪಟ್ಟಿ ಕೈಗೆ ಸಿಗುತ್ತಿರಲಿಲ್ಲ.

"ಯಾಕೆ ಸುಳ್ಳು ಹೇಳ್ದೆ?"

"ಅವತ್ತು ನಿನ್ನ ಅಣ್ಣ ಹೋಗಿದ್ದ. ನಿಜ ಹೇಳಿದ್ರೆ ಅಮ್ಮನೂ ಹೋಗ್ತಿದ್ರು ನಿನ್ಗೆ. ನಾನೊಬ್ಬ ಹೋದ್ರೆ... ಇನ್ನೊಬ್ಬ ಸಿಕ್ತಾನೆ ಅನ್ಕೊಂಡೆ."

"ಸಿಕ್ಕಿದ್ನಾ?"

ಅವನು ಹೆಲ್ಮೆಟ್ಟನ್ನು ಬೈಕಿನ ಮೇಲಿಟ್ಟ.

"ಉಂಗುರ ಕೊಡು, ಜುನೈದಿ. ನಾನು ನಿನ್ನ ದ್ವೇಷಿಸ್ತೀನಿ ಅಂತ ದಿನಾ ನನಗೇ ಹೇಳ್ಕೊಂಡೆ. ಒಂದು ದಿನವೂ ಅದು ನಿಜ ಆಗ್ಲಿಲ್ಲ."

"ನಾನೂ ನಿನ್ನ ಬಿಟ್ಟು ಬದುಕೋಕೆ ಕಲೀಲಿಲ್ಲ." ಅವನ ಕಣ್ಣು ತುಂಬಿತ್ತು. "ಆದ್ರೆ ನನ್ನ ಮುಖ ನೋಡಿದಾಗೆಲ್ಲ ಅಮ್ಮನಿಗೆ ಆ ದಿನವೇ ನೆನಪಾಗುತ್ತೆ. ನನಗೂ ಅಷ್ಟೇ. ಆ ಮನೇಲಿ ನಾವು ನಗೋಕೆ ಆಗಲ್ಲ, ಸುರಯಾ."

"ನಗೋಕೆ ಯಾರು ಕರೆದ್ರು ನಿನ್ನ? ಅಳೋಕೆ ಬಾ. ಒಬ್ಬಳೇ ಅತ್ತು ಅತ್ತು ಸಾಕಾಗಿದೆ ನನಗೆ."

ಅವನು ಜೇಬಿನಿಂದ ಪೆಟ್ಟಿಗೆ ತೆಗೆದು ಅವಳ ಅಂಗೈಯಲ್ಲಿಟ್ಟ.

"ಒಳಗೆ ಅಮ್ಮ ಅಳ್ತಿದ್ದಾರೆ," ಎಂದ.

"ಗೊತ್ತು. ಒಬ್ಬಳೇ ಹೋಗೋಕೆ ಭಯ ಆಗ್ತಿದೆ."

"ನಡಿ. ನಾನಿದ್ದೀನಿ."