ಹೊಳೆದಂಡೆ ಅಜ್ಜಿಯ ದವಡೆ ಹಲ್ಲು

ನನಗೆ ಮೂರೂವರೆ ಸಾವಿರ ವರ್ಷ ವಯಸ್ಸು. ನಗಬೇಡಿ. ದೊಡ್ಡ ಲ್ಯಾಬಿನವರೇ ಪರೀಕ್ಷೆ ಮಾಡಿ ಹೇಳಿದ್ದು! ತಿರುಮಕೂಡಲು ನರಸೀಪುರದ ಹೊಳೆದಂಡೆಯಲ್ಲಿ ಅಗೆದಾಗ ಸಿಕ್ಕ ಹಲ್ಲಿನೊಳಗೆ ಇದ್ದದ್ದು ನಮ್ಮ ರಕ್ತ. ನಂಜನಗೂಡಿನ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗಂಗಾಧರಸ್ವಾಮಿ ಎಂದರೆ ಸಾಮಾನ್ಯನೆಂದುಕೊಂಡಿರಾ? ನಾನು ಕ್ಯಾಮೆರಾ ಎತ್ತಿದರೆ ಕಪಿಲೆಯೂ ಹರಿಯುವುದನ್ನು ನಿಲ್ಲಿಸಿ ತಲೆ ಬಾಚಿಕೊಳ್ಳುತ್ತಾಳೆ.

ಈ ಮಾತನ್ನು ಒಂದು ತಿಂಗಳಿನಿಂದ ಊರೆಲ್ಲ ಸಾರಿದ್ದೆ. ಊರೆಲ್ಲ ನಕ್ಕಿತ್ತು. ಆದರೆ ೨೦೦೪ರ ಬೇಸಿಗೆಯ ಆ ಭಾನುವಾರ ನಮ್ಮ ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ.

ನನ್ನ ತಂಗಿ ಬಿಂದುಶ್ರೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದು, ಸಾವಿರಾರು ವರ್ಷದ ಹಿಂದೆ ಇಲ್ಲಿದ್ದವರು ಯಾರು, ಎಲ್ಲಿಂದ ಬಂದರು ಎಂದು ಹುಡುಕುವುದು ಅವಳ ಪಿಎಚ್‌ಡಿ. ವರ್ಷಗಟ್ಟಲೆ ಅದಕ್ಕೇ ಜೀವ ತೇದಿದ್ದಳು. ನರಸೀಪುರದ ಗುಂಡಿಯಲ್ಲಿ ಕೊನೆಗೂ ಒಬ್ಬ ಹೆಂಗಸಿನ ಅಸ್ಥಿಪಂಜರ ಸಿಕ್ಕಿತು. ಅಗೆಯುವವರು ಅದಕ್ಕೆ ‘ಅಜ್ಜಿ’ ಎಂದು ಹೆಸರಿಟ್ಟರು. ಅಜ್ಜಿಯ ಒಂದು ದವಡೆ ಹಲ್ಲು ಲ್ಯಾಬಿಗೆ ಹೋಯಿತು. ಫಲಿತಾಂಶ ಬಂದಾಗ ಬಿಂದು ಕುಸಿದು ಕೂತಳು—ಹಲ್ಲಿನೊಳಗಿದ್ದ ಡಿಎನ್‌ಎ ಅವಳದಕ್ಕೇ ತಾಳೆಯಾಗಿತ್ತು!

ಅಂದರೆ? ಅವಳೇ ಬರಿಗೈಯಲ್ಲಿ ಮುಟ್ಟಿ ಕೆಡಿಸಿದ್ದಾಳೆ. ಇಲ್ಲವೇ ಬೇಕೆಂದೇ ತನ್ನದನ್ನು ಬೆರೆಸಿದ್ದಾಳೆ. ಮಾರನೆಯ ದಿನ ಮೈಸೂರಿನಲ್ಲಿ ವಿಚಾರಣಾ ಸಮಿತಿ. ಕಾರಣ ಹೇಳದಿದ್ದರೆ ಪಿಎಚ್‌ಡಿ ರದ್ದು. ಹೆಸರಿನ ಹಿಂದೆ ಜೀವಮಾನವಿಡೀ ‘ಮೋಸಗಾತಿ’ ಎಂಬ ಬಾಲ.

“ಒಂದ್ ತುತ್ತಾದ್ರೂ ತಿನ್ನು ಮಗಾ,” ಎಂದಳು ನಮ್ಮವ್ವ ಜವರಮ್ಮ. “ಆ ಅಲ್ಲು ಆಳಾಗೋಗ್ಲಿ.”

“ಹಾಳಾಗಿರೋದು ಹಲ್ಲಲ್ಲ ಅವ್ವಾ. ನಾನು.”

ಆಗ ಬಂದಳು ಡಾಕ್ಟರ್ ಶ್ವೇತ. ಬಿಂದುವಿನ ಬಾಲ್ಯದ ಗೆಳತಿ. ಬಜಾರಿನಲ್ಲಿ ಹಲ್ಲಿನ ಕ್ಲಿನಿಕ್ಕು. ಹಿಂದಿನ ವರ್ಷ ನನ್ನ ದವಡೆ ಹಲ್ಲು ಕಿತ್ತವಳೂ ಅವಳೇ. ಇಂಜೆಕ್ಷನ್ನೇ ಬೇಡವೆಂದು ಹಾಡುತ್ತ ಕೂತಿದ್ದೆ ನಾನು!

“ಹಾಡಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸ್ತು, ಬಿಡಿ ಸ್ವಾಮಣ್ಣ,” ಎಂದು ಅವಳು ಗೆಳತಿಯ ಪಕ್ಕ ಕೂತಳು. “ಬಿಂದು, ಹಲ್ಲಿನ ಚೂರು ಏನಾದರೂ ಉಳಿದಿದ್ಯಾ?”

ಲ್ಯಾಬಿನಿಂದ ವಾಪಸು ಬಂದಿದ್ದ ಅರ್ಧ ಹಲ್ಲು ಬೀರುವಿನಲ್ಲಿತ್ತು. ಶ್ವೇತ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟಳು.

“ನೀನು ಹಲ್ಲು ನೋಡು, ಕಳ್ಳನನ್ನು ನಾನು ಹಿಡಿಯುತ್ತೇನೆ,” ಎಂದೆ. ನೆರಳಿನ ನಡಿಗೆ ನೋಡಿ ಮನುಷ್ಯನ ಮನೆದೇವರು ಹೇಳುವವನು ನಾನು. ಬಿಂದುವನ್ನು ನೋಡಲೆಂದು ನರಸೀಪುರದಿಂದ ಬಂದಿದ್ದ ಅಗೆತದ ಮೇಸ್ತ್ರಿ ಮಲ್ಲಯ್ಯ ಬಾಗಿಲಲ್ಲೇ ನಿಂತಿದ್ದ. ಅವನತ್ತ ಗುಡುಗಿದೆ. “ಮಲ್ಲಯ್ಯ! ಅಜ್ಜೀನ ಮೊದಲು ಮುಟ್ಟಿದ್ದು ನೀನಲ್ವಾ?”

“ಮುಟ್ಟಾಕೆ ಅಕ್ಕಾವ್ರು ಬುಡ್ಬೇಕಲ್ಲ ಸಾ! ಬಾಯ್ಗೆ ಬಟ್ಟೆ, ಕೈಗೆ ಚೀಲ. ಕೆಮ್ಮಾಕೂ ಗುಂಡಿಯಿಂದ ಮ್ಯಾಕೆ ಅತ್ಬೇಕಿತ್ತು. ಅಷ್ಟು ಸಾಲ್ದು ಅಂತ ನನ್ ಎಂಜ್ಲೂ ತಗಂಡೋದ್ರು.”

“ಅಲ್ಲಿದ್ದ ಎಲ್ಲರ ಎಂಜಲೂ ಹೋಲಿಸಿ ನೋಡಿದೀವಿ ಅಣ್ಣ,” ಬಿಂದು ಗೋಡೆಗೇ ಹೇಳಿದಳು. “ತಾಳೆಯಾಗಿದ್ದು ನನ್ನದೊಂದೇ. ಇನ್ಯಾರನ್ನ ಹಿಡೀತೀಯ?”

ಶ್ವೇತ ತಲೆ ಎತ್ತಲಿಲ್ಲ. “ಲ್ಯಾಬಿಗೆ ಹೋಗೋ ಮುಂಚೆ ಇದು ಎಲ್ಲಿತ್ತು?”

“ಇದೇ ಬೀರುವಿನಲ್ಲಿ, ಗಾಜಿನ ಡಬ್ಬಿಯಲ್ಲಿ. ಒಂದು ಸಂಜೆ ಅಣ್ಣನ ಸ್ಟುಡಿಯೋಗೆ ಹೋಗಿತ್ತು, ಫೋಟೋಗೆ. ಡಬ್ಬಿ ತೆಗೀಬೇಡ ಅಂದಿದ್ದೆ.”

“ತೆಗೆಯಲಿಲ್ಲ,” ಎಂದೆ. “ನನ್ನ ಲೆನ್ಸಿಗೆ ಗಾಜಲ್ಲ, ಗೋಡೆಯೇ ಅಡ್ಡ ಬಂದರೂ ಲೆಕ್ಕಕ್ಕಿಲ್ಲ!”

“ಹೌದಾ? ಬಿಂದು—ಆ ಡಿಎನ್‌ಎ ಗಂಡಿನದೋ, ಹೆಣ್ಣಿನದೋ? ನೋಡಿದ್ಯಾ?”

“ಗಂಡು ಅಂತ ಬಂತು. ಲ್ಯಾಬಿನಲ್ಲಿ ಯಾರದೋ ಮೈಯ ಧೂಳು ಸೇರಿರಬೇಕು ಅಂತ ಬಿಟ್ಟೆ. ತಾಯಿ ಕಡೆಯ ಡಿಎನ್‌ಎ ನನ್ನದೇ ಅಂತ ಆದಮೇಲೆ ಇನ್ನೇನು ನೋಡ್ಲಿ ಶ್ವೇತ? ಕಣ್ಣೇ ಕತ್ತಲಾಯ್ತು.”

ಶ್ವೇತ ಭೂತಗನ್ನಡಿ ಕೆಳಗಿಟ್ಟಳು. ಅವಳ ಮುಂದಿನ ಪ್ರಶ್ನೆ ಬಂದದ್ದು ಅವ್ವನಿಗೆ.

“ಜವರಮ್ಮೋರೇ, ಈ ಮನೇಲಿ ಹಲ್ಲುಪುಡಿ ಉಜ್ಜೋರು ಯಾರು?”

“ನಂದು ಬೇವಿನ್ ಕಡ್ಡಿ. ಇವ್ಳು ಪೇಸ್ಟು. ಪುಡಿ ಇವುಂದೇ ಕಣವ್ವ. ಬೆಳಗಾದ್ರೆ ಬೀದೀಲಿ ನಿಂತ್ಕಂಡು, ಓಗೋರ್‌ಬರೋರ್ಗೆಲ್ಲ ಅಲ್ ತೋರಿಸ್ಕಂಡು ಅರ್ಧ ಡಬ್ಬಿ ಉಜ್ತಾನೆ.”

ನಾನು ಹಲ್ಲು ಕಾಣದಂತೆ ತುಟಿ ಮುಚ್ಚಿಕೊಂಡೆ.

“ಬಿಂದು, ಎದ್ದು ಕೂತ್ಕೋ,” ಎಂದಳು ಶ್ವೇತ. “ಬೇರಿನ ಸಂದಿಯಲ್ಲಿ ಗುಲಾಬಿ ಬಣ್ಣದ ಪುಡಿ ಕೂತಿದೆ. ಹೊಳೆದಂಡೆ ಮಣ್ಣಿಗೆ ಆ ಬಣ್ಣ ಎಲ್ಲಿಂದ ಬರಬೇಕು? ಯಾರೋ ಹಲ್ಲುಪುಡಿ ಹಾಕಿ ಉಜ್ಜಿ ತೊಳೆದಿದ್ದಾರೆ. ನೀರಿನ ಜೊತೆ ಎಂಜಲೂ ಬೇರಿನ ತೂತಿನಿಂದ ಒಳಗೆ ಇಳಿದಿದೆ. ಇನ್ನೊಂದು ನೋಡು. ಅಜ್ಜಿ ಹೆಂಗಸು. ನೀನೂ ಹೆಂಗಸು. ಹಲ್ಲಿನೊಳಗಿರೋದು ಗಂಡಸಿನದು! ಅಂದಮೇಲೆ ಅದು ಅಜ್ಜಿಯದೂ ಅಲ್ಲ, ನಿನ್ನದೂ ಅಲ್ಲ.”

“ಆದರೆ ತಾಳೆ—”

“ತಾಯಿ ಕಡೆಯ ಡಿಎನ್‌ಎ ಒಬ್ಬ ತಾಯಿಯ ಮಕ್ಕಳಿಗೆಲ್ಲ ಒಂದೇ ಥರ ಇರುತ್ತೆ ಅಂತ ನನಗೆ ಹೇಳಿಕೊಟ್ಟಿದ್ದೇ ನೀನು. ಜವರಮ್ಮೋರೇ, ನಿಮಗೆ ಮಕ್ಕಳೆಷ್ಟು?”

“ಎಲ್ಡು,” ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು.

“ಅಗೆತದವರ ಎಂಜಲು ತಗೊಂಡ್ರಿ. ಫೋಟೋ ತೆಗೆದವರದ್ದು ಯಾರೂ ಕೇಳಲಿಲ್ಲ,” ಎಂದಳು ಶ್ವೇತ. “ಸ್ವಾಮಣ್ಣ ಪಾಪ, ಒಂದು ತಿಂಗಳಿಂದ ನಿಜವನ್ನೇ ಕೂಗಿ ಹೇಳ್ತಿದ್ರು—ಆ ಹಲ್ಲಲ್ಲಿರೋದು ನಮ್ಮ ರಕ್ತ ಅಂತ. ನಾವು ನಕ್ಕು ಸುಮ್ಮನಾದ್ವಿ. ಹಲ್ಲುಪುಡಿ ಹಾಕಿ ಉಜ್ಜಬೇಕು ಅಂತ ಯಾವಾಗ ಅನ್ನಿಸುತ್ತೆ? ಹಲ್ಲು ಬಾಯಿಗೆ ಹೋಗಿದ್ದಾಗ. ಬಾಯಿ ತೆಗೀರಿ ಸ್ವಾಮಣ್ಣ. ನಾನು ಕಿತ್ತ ಜಾಗ ಖಾಲಿ ಇದೆಯಲ್ಲ—ಸರಿಯಾಗಿ ಕೂತಿತ್ತಾ?”

ಬಾಯಿ ತೆರೆದೆ. ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಆ ಸಂಜೆ ಸ್ಟುಡಿಯೋದಲ್ಲಿ ಕೂತಿದ್ದ ಗೆಳೆಯರು, ಕುರಿ ಹಲ್ಲು ತಂದು ಬೊಗಳೆ ಬಿಡ್ತೀಯ ಎಂದು ಆಡಿಕೊಂಡಿದ್ದರು. ತಡೆಯಲಾಗಲಿಲ್ಲ. ಡಬ್ಬಿ ತೆಗೆದೆ. ಹಲ್ಲನ್ನು ನನ್ನ ದವಡೆಯ ಸಂದಿಗೆ ಸಿಕ್ಕಿಸಿಕೊಂಡು, ನೋಡ್ರೋ ಸಾವಿರಾರು ವರ್ಷದ ನಗು ಎಂದು ಹಲ್ಲು ಕಿರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಎಂಜಲಾಯಿತಲ್ಲ ಎಂದು ಪುಡಿ ಹಾಕಿ, ಬೆರಳಲ್ಲಿ ಉಜ್ಜಿ, ತೊಳೆದು, ಒರೆಸಿ ಇಟ್ಟೆ. ಶುದ್ಧ ಮಾಡಿದೆ ಎಂದೇ ತಿಳಿದಿದ್ದೆ. ಫಲಿತಾಂಶ ಬಂದ ದಿನವೇ ಇದು ನನ್ನ ಕೆಲಸವೆಂದು ಮನಸ್ಸು ಹೇಳಿತ್ತು. ಆ ಮಾತು ನನಗೇ ಕೇಳದಿರಲೆಂದು ಬಜಾರಿನಲ್ಲಿ ಅಷ್ಟು ಜೋರಾಗಿ ಕೊಚ್ಚಿಕೊಂಡೆ.

ಬಿಂದು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಜ್ಜಿ ದವಡೆಯಲ್ಲಿ ಇನ್ನೊಂದು ಹಲ್ಲಿದೆ,” ಎಂದಳು. “ಅದನ್ನ ಮುಟ್ಟೋಕೆ ನನಗೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ನಾಳೆ ಬರ್ತೀಯಾ ಅಣ್ಣ?”

ಹೋದೆ. ಉದ್ದ ಮೇಜು, ಆಚೆಗೆ ಸಮಿತಿಯವರು, ಈಚೆಗೆ ಬಣ್ಣಗೆಟ್ಟ ನನ್ನ ತಂಗಿ. ಒಬ್ಬರು ಹತ್ತಿ ಸುತ್ತಿದ ಕಡ್ಡಿಯನ್ನು ನನ್ನ ಕೆನ್ನೆಯ ಒಳಗೆ ಆಡಿಸಿ ಕೊಳವೆಗೆ ಹಾಕಿಕೊಂಡರು.

“ಹೆಸರು? ವಯಸ್ಸು?”

ಬಿಂದು ಕಣ್ಣು ಮುಚ್ಚಿಕೊಂಡಿದ್ದಳು.

“ಗಂಗಾಧರಸ್ವಾಮಿ ಸಾರ್. ಮೂವತ್ತೆಂಟು ವರ್ಷ,” ಎಂದೆ. “ಹಲ್ಲು ಬಾಯಿಗೆ ಹಾಕ್ಕೊಂಡಿದ್ದು ನಾನು. ಅವಳಲ್ಲ.”