ಹಾಯಿದೋಣಿಯ ಬಿಳಿ ಹಗ್ಗ

ಹಗ್ಗ ಕಳುವಾಗಿತ್ತು!

೧೯೭೮ರ ಜನವರಿ. ಯಲ್ದೂರಿನ ಕೆರೆಯಲ್ಲಿ ಅಶ್ವತ್ಥಪ್ಪನ ಹಾಯಿದೋಣಿ ಬೋಳಾಗಿ ನಿಂತಿತ್ತು. ಹಾಯಿ ಏರಿಸುವ ಬಿಳಿ ಹಗ್ಗವನ್ನು ಯಾರೋ ಕೊಯ್ದು ಒಯ್ದಿದ್ದರು. ಕಂಬದ ಬುಡದಲ್ಲಿ ಗೇಣುದ್ದದ ತುಂಡು ಮಾತ್ರ ಉಳಿದಿತ್ತು.

"ಬೊಂಬಾಯಿಂದ ತರಿಸಿದ ಟೆರಿಲಿನ್ ಹಗ್ಗ," ಎಂದ ಅಶ್ವತ್ಥಪ್ಪ. ಇಪ್ಪತ್ತು ವರ್ಷ ಹಡಗಿನಲ್ಲಿ ದುಡಿದು ಬಂದ ಒಂಟಿ ಮನುಷ್ಯ. "ಇನ್ನು ಹದಿನೈದು ದಿನಕ್ಕೆ ನೀರು ಇಳಿದುಹೋಗುತ್ತೆ, ದೋಣಿ ಓಡಲ್ಲ. ಮುಂದಿನ ಮಳೆಗೆ ನಾನಿರ್ತೀನೋ ಇಲ್ವೋ."

ಟೆರಿಲಿನ್ ಶರ್ಟು ಕೇಳಿದ್ದೆ. ಹಗ್ಗ? ನನಗೆ ನಗು ಬಂತು. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಸುಬ್ಬರಾಯಪ್ಪನವರು ನನ್ನನ್ನು ದುರುಗುಟ್ಟಿ ನೋಡಿದರು. ಅವರ ಹಿಂದೆ ಅಲೆಯುವುದು ನನ್ನ ಕರ್ಮ.

"ಊರಲ್ಲಿ ಸಿಗೋ ಹಗ್ಗ ಆಗ್ತಿರ್ಲಿಲ್ವಾ?" ಎಂದು ಅವರು ಅಶ್ವತ್ಥಪ್ಪನನ್ನು ಕೇಳಿದರು.

"ತೆಂಗಿನ ನಾರು ಒರಟು, ರಾಟೇಲಿ ಓಡಲ್ಲ. ಕತ್ತಾಳೆ ನೆನೆದ್ರೆ ಉಬ್ಬಿ ಸಿಕ್ಕಿಕೊಳ್ಳುತ್ತೆ. ನೈಲಾನು ಎಳೆದಷ್ಟೂ ಹಿಗ್ಗುತ್ತೆ, ಹಾಯಿ ಜೋಲು ಬೀಳುತ್ತೆ. ಐದು ತಿಂಗಳು ಪರೀಕ್ಷೆ ಮಾಡ್ದೆ ಸಾರ್. ನಾರಿನ ಹಗ್ಗ ಎಲ್ಲಾ ನಮ್ಮೂರ ಹಗ್ಗದ ಬೈರಮ್ಮನೇ ಹೊಸೆದುಕೊಟ್ಲು."

ನನಗಂತೂ ಕಳ್ಳ ಸಿಕ್ಕಿಬಿಟ್ಟಿದ್ದ— ಮೀನಿನ ಗುತ್ತಿಗೆದಾರ ಆಂಜಿನಪ್ಪ! ದೋಣಿಗೆ ಮೀನು ಬೆದರುತ್ತವೆ ಎಂದು ಜಗಳವಾಡಿದ್ದ.

"ಹಗ್ಗ ಯಾಕ್ ಕುಯ್ಲಿ ಸ್ವಾಮಿ?" ಎಂದ ಅವನು, ನಾವು ಹೋಗಿ ಕೇಳಿದಾಗ. "ಬೇಡ ಅನ್ಸಿದ್ರೆ ದೋಣೀನೇ ಮುಳುಗಿಸ್ತಿದ್ದೆ."

ಸುಬ್ಬರಾಯಪ್ಪನವರು ತುಂಡನ್ನು ಜೇಬಿಗಿಟ್ಟು ನೇರ ಬೈರಮ್ಮನ ಚಪ್ಪರಕ್ಕೆ ನಡೆದರು. ಅಶ್ವತ್ಥಪ್ಪ, ನಾನು ಹಿಂದೆ. ಗಂಡ ಸತ್ತ ಮೇಲೆ ಆಕೆಗೆ ಉಳಿದದ್ದು ಆ ನಾರಿನ ರಾಶಿಯೊಂದೇ.

"ಟೆರಿಲಿನ್ ತುದಿಗೆ ಬೆಂಕಿಕಡ್ಡಿ ತಾಗಿಸಿದ್ರೆ ಸಾಕು, ಕರಗಿ ಅಂಟಿಕೊಳ್ಳುತ್ತೆ," ಎನ್ನುತ್ತಾ ಸುಬ್ಬರಾಯಪ್ಪನವರು ತುಂಡನ್ನು ಹೊರತೆಗೆದರು. "ಇಲ್ನೋಡಿ— ಕೊಯ್ದ ಮೇಲೆ ಕತ್ತಾಳೆ ನಾರು ಸುತ್ತಿ ಬಿಗಿದಿದ್ದಾರೆ, ಎಳೆ ಬಿಚ್ಚಬಾರದು ಅಂತ. ಕದಿಯೋನಿಗೆ ಬಿಟ್ಟುಹೋಗೋ ತುಂಡಿನ ಮೇಲೆ ಯಾಕೆ ಕಾಳಜಿ? ಹಗ್ಗದ ತುದಿ ಹಾಗೇ ಬಿಡೋಕೆ ಮನಸ್ಸು ಬರದೋರು ಊರಲ್ಲಿ ಒಬ್ಬರೇ. ಅಲ್ವೇನಮ್ಮಾ?"

ಥೂ! ಆ ಸುತ್ತು ನಾನೂ ನೋಡಿದ್ದೆ. ಬೊಂಬಾಯಿಯವರೇ ಸುತ್ತಿದ್ದು ಅಂದುಕೊಂಡಿದ್ದೆ.

ಬೈರಮ್ಮ ರಾಶಿಯ ಅಡಿಯಿಂದ ಬಿಳಿ ಸುರುಳಿ ಎಳೆದಳು. "ಇದು ಬಂದ್ಮೇಲೆ ನೀನು ಈ ಕಡೆ ಬರ್ಲೇ ಇಲ್ವಲ್ಲ ಅಶ್ವತ್ಥಣ್ಣ. ಮಾತಾಡೋಕೆ ಒಂದು ಜೀವ ಇಲ್ಲ ನಂಗೆ."

 

"ಇನ್ನೊಂದು ಪ್ರಶ್ನೆ," ಸುಬ್ಬರಾಯಪ್ಪನವರು ಅಶ್ವತ್ಥಪ್ಪನ ಕಡೆ ತಿರುಗಿದರು. "ಇಪ್ಪತ್ತು ವರ್ಷ ಹಡಗಲ್ಲಿ ಹಗ್ಗ ಎಳೆದೋರು. ಕತ್ತಾಳೆ ಉಬ್ಬುತ್ತೆ ಅಂತ ತಿಳಿಯೋಕೆ ಐದು ತಿಂಗಳು ಬೇಕಾಯ್ತಾ?"

ಅಶ್ವತ್ಥಪ್ಪ ತಲೆ ತಗ್ಗಿಸಿದ. "ಮೊದಲ್ನೇ ದಿನಾನೇ ಗೊತ್ತಿತ್ತು. ಇಲ್ಲಿ ಬಂದು ಕೂರೋಕೆ ನೆಪ ಬೇಕಿತ್ತು ಬೈರಮ್ಮ. ನೀರು ಇಳೀತಾ ಬಂತು, ಅದಕ್ಕೇ ಬೊಂಬಾಯಿ ಹಗ್ಗ ತರಿಸ್ದೆ. ಆಮೇಲೆ ಏನು ಹೇಳ್ಕೊಂಡು ಬರ್ಲಿ?"

ಬೈರಮ್ಮ ತುಂಡನ್ನು ಇಸಿದುಕೊಂಡು, ಎಳೆ ಬಿಚ್ಚಿ, ಹಗ್ಗಕ್ಕೆ ಸೇರಿಸಿ ಹೊಸೆಯತೊಡಗಿದಳು. ಅಶ್ವತ್ಥಪ್ಪ ಎದುರಿಗೆ ಕೂತು ಇನ್ನೊಂದು ತುದಿ ಹಿಡಿದುಕೊಂಡ.