ಸೋಮವಾರದ ಎಂಬತ್ತಾರು

"ಆ ಗ್ಲೂಕೋಸ್ ನೀರ ಇನ್ನೊಂದ್ಸಲ ನಿನ್ ಬಾಯ್ಗೆ ಉಯ್ಯಕ್ ಬರ್ಲಿ, ಆಗ ಅದೆ ಅವ್ರಿಗೆ...!"

ಶಿವರತ್ನಮ್ಮನ ಕೂಗಿಗೆ ಜಗುಲಿಯ ಮೇಲೆ ಮಲಗಿದ್ದ ನಾಯಿ ಎದ್ದು ಬೀದಿಗಿಳಿಯಿತು. ನಡುಮನೆಯ ಗೋಡೆಗೊರಗಿ ಕುಸಿದಿದ್ದ ಸೊಸೆ ನಾಗಶ್ರೀಗೆ ಮಾತಾಡಲು ತ್ರಾಣವಿರಲಿಲ್ಲ. ಆರು ತಿಂಗಳ ಬಸುರಿ. ಕೌದಳ್ಳಿಯ ಆಸ್ಪತ್ರೆಯಲ್ಲಿ ಕುಡಿದ ಸಿಹಿನೀರು ಕಾಲು ಗಂಟೆಯೊಳಗೇ ವಾಂತಿಯಾಗಿ ಹೋಗಿತ್ತು. ಅವಳನ್ನು ಕೈಹಿಡಿದು ಮನೆಗೆ ಕರೆತಂದ ಆಶಾ ಕಾರ್ಯಕರ್ತೆ ಪದ್ಮಿನಿ ಹೊಸಿಲ ಬಳಿಯೇ ನಿಂತಿದ್ದಳು.

"ಬಯ್ರಮ್ಮ, ಬಯ್ರಿ. ಬಯ್ಸ್ಕಳಕೇ ಅಲ್ವಾ ನಮ್ಗೆ ಈ ಸೀರೆ ಕೊಟ್ಟಿರೋದು? ಆದ್ರೆ ಸಕ್ರೆ ಪರೀಕ್ಷೆ ಮಾತ್ರ ಬುಡಂಗಿಲ್ಲ. ನಾಳೆ ಇಲ್ಲೇ ಕೌದಳ್ಳೀಲೇ ಇನ್ನೊಂದ್ಸಲ ಕುಡೀಲಿ. ಉಂಡ್ಕಂಡೇ ಬರ್ಬೋದು, ಕುಡ್ದು ಎರಡು ಗಂಟೆ ಆದ್ಮೇಲೆ ಒಂದ್ಸಲ ರಕ್ತ ತಗೀತಾರೆ. ಬ್ಯಾಡ್ವಾ, ಕೊಳ್ಳೇಗಾಲಕ್ಕೆ ಬರೀ ಒಟ್ಟೇಲಿ ಓಗ್ಲಿ. ಅಲ್ಲಿ ಮೂರು ಸಲ ತಗೀತಾರೆ. ಯಾವ್ದಾದ್ರೂ ಸರಿ, ತಡ ಮಾಡ್ಬಾರ್ದು. ಏಳವ್ವ ನಾಗಶ್ರೀ, ಯಾವ್ದು ನಿಂಗೆ?"

ಯಾವುದು ನಿನಗೆ! ಈ ಮನೆಗೆ ಬಂದ ಮೂರು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಉತ್ತರ ಹೇಳುವ ಅಭ್ಯಾಸವೇ ತಪ್ಪಿಹೋಗಿದ್ದ ಆ ಜೀವ ತಲೆಯೆತ್ತಿ ಅತ್ತೆಯ ಮುಖ ನೋಡಿತು.

"ಅವ್ಳನ್ನೇನ್ ಕೇಳೀಯೆ?" ಎಂದಳು ಶಿವರತ್ನಮ್ಮ. "ಅನ್ನೆರಡು ವರ್ಷದಿಂದ ಸಕ್ರೆ ಕಾಯ್ಲೆ ಸಾಕ್ತಾ ಇವ್ನಿ. ಎರಡು ಕಾಲ್ಬೆರಳು ಅದ್ರ ಬಾಯ್ಗೆ ಆಕಿವ್ನಿ. ನಂಗೇ ಪಾಠ ಏಳೀಯಾ? ನನ್ ಮಿಷನ್ ಅದೆ, ಬೆರಳು ಚುಚ್ಚಿ ನಾನೇ ನೋಡ್ತೀನಿ, ಓಗು."

"ಆ ಮಿಷನ್ನು ಕಾಯ್ಲೆ ಇರೋರ್ಗೆ ಕಣ್ರಮ್ಮ. ಬಸ್ರೀರ ಸಕ್ರೆ ಬರೀ ಒಟ್ಟೇಲಿ ಅವಿತ್ಕಂಡಿರ್ತದೆ, ಉಂಡ್ಮೇಲೆ ಏಳ್ತದೆ. ಗ್ಲೂಕೋಸ್ ಕುಡ್ದೇ ನೋಡ್ಬೇಕು..."

ಕೇಳುವವರು ಯಾರು! ಬಾಗಿಲು ಅರ್ಧ ಮುಚ್ಚಿಯಾಗಿತ್ತು.

ಶಿವರತ್ನಮ್ಮ ಕಲ್ಲುಮನಸ್ಸಿನವಳೇನಲ್ಲ. ಆಸ್ಪತ್ರೆಯಲ್ಲಿ ಬೆರಳು ಕತ್ತರಿಸಿಕೊಂಡ ಮೇಲೆ 'ಸಕ್ಕರೆ' ಎಂಬ ಮಾತು ಕೇಳಿದರೆ ಅವಳ ಎದೆ ನಡುಗುತ್ತಿತ್ತು. ಆ ಮಾತು ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ತಾಯಿ ಕಾರ್ಡಿನಲ್ಲಿ, ಸೊಸೆಯ ಹೆಸರಿನ ಕೆಳಗೆ ಬಿದ್ದರೆ ಹೊಟ್ಟೆಯೊಳಗಿನ ಕೂಸಿಗೂ ಅಂಟಿತು ಎಂಬುದೇ ಅವಳ ದಿಗಿಲು. ಅವಳ ದಿಗಿಲು ಹೊರಗೆ ಬರುವುದು ಬೈಗುಳವಾಗಿಯೇ! ಮಗ ಗುರುಪ್ರಕಾಶ್ ಮಹದೇಶ್ವರ ಬೆಟ್ಟದ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಮನೆಗೆ ಬರುವವನು, ವಾಂತಿಯ ಸುದ್ದಿ ಕೇಳಿ ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದ: "ಕೊಳ್ಳೇಗಾಲಕ್ಕೇ ಕರ್ಕಂಡು ಓಗವ್ವ. ಏನೇ ಆಗ್ಲಿ, ಪರೀಕ್ಷೆ ಮಾಡ್ಸು."

ಕರೆದುಕೊಂಡು ಹೋಗಲಿಲ್ಲ.

ಆ ಮನೆಯಲ್ಲಿ ಸೋಮವಾರ ಮಾದಪ್ಪನ ಒಪ್ಪತ್ತು. ಹೊಟ್ಟೆಯ ಕೂಸಿಗಾಗಿ ನಾಗಶ್ರೀಯೂ ಹರಕೆ ಹೊತ್ತಿದ್ದಳು. ಭಾನುವಾರ ಇಳಿಹೊತ್ತಿಗೆ ಒಂದು ತುತ್ತು ಉಂಡರೆ, ಮಾರನೇ ದಿನ ನಡುಮಧ್ಯಾಹ್ನ ಪೂಜೆ ಮುಗಿಯುವವರೆಗೆ ಬಾಯಿಗೆ ನೀರಷ್ಟೇ. ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿ, ಒಳ್ಳೆಯ ದಿನ ಒಳ್ಳೆಯದೇ ಕಾಣಲೆಂದು, ಊಟಕ್ಕೆ ಮೊದಲೇ ಶಿವರತ್ನಮ್ಮ ಸೊಸೆಯ ಬೆರಳು ಚುಚ್ಚುತ್ತಿದ್ದಳು. ಮೊದಲ ಸೋಮವಾರ ಮಿಷನ್ನಿನ ಮೇಲೆ ಮೂಡಿದ್ದು ಎಂಬತ್ತಾರು.

"ನೋಡ್ದಾ ಕೂಸೆ! ನಂದು ಇನ್ನೂರಿಪ್ಪತ್ತು, ನಿಂದು ಎಂಬತ್ತಾರು! ಯಾವ್ ಸಕ್ರೆ? ಆ ಪದ್ಮಿನಿ ತಲೇಲಿ ಅದೆ ಸಕ್ರೆ!"

ನಾಗಶ್ರೀ ನಕ್ಕಳು. ಆ ಸಿಹಿನೀರು ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾದಳು. ಆ ಹಗುರವೇ ಮುಂದೆ ಅವಳನ್ನು ಸುಟ್ಟದ್ದು! ಪದ್ಮಿನಿ ಮತ್ತೆ ಬಂದಾಗ, "ಕೊಳ್ಳೇಗಾಲದಲ್ಲಿ ಮಾಡ್ಸಾಯ್ತು, ನಾರ್ಮಲ್ಲು ಅಂದ್ರು" ಎಂದು ಅತ್ತೆ ಕಲಿಸಿದ ಮಾತನ್ನೇ ಒಪ್ಪಿಸಿದಳು. ಗಂಡನಿಗೂ ಅದನ್ನೇ ಹೇಳಿದಳು. ಪದ್ಮಿನಿ ವರದಿ ಕೇಳಿದಳು, ಒಂದಲ್ಲ, ಮೂರು ಬಾರಿ. ಕೊನೆಗೆ ನಿಟ್ಟುಸಿರುಬಿಟ್ಟು ಕಾರ್ಡಿನಲ್ಲಿ ಬರೆದಳು: 'ಹೊರಗೆ ಮಾಡಿಸಿದ್ದಾಗಿ ಹೇಳಿಕೆ. ವರದಿ ನೋಡಿಲ್ಲ.'

ತಿಂಗಳು ತುಂಬುತ್ತ ಬಂತು. ಎಷ್ಟು ಕುಡಿದರೂ ಹಿಂಗದ ದಾಹ. ಹೊಟ್ಟೆ ದಿನಕ್ಕೊಂದು ಗಾತ್ರ. ನೆರೆಮನೆಯ ಪುಟ್ಟಮಲ್ಲಮ್ಮ, "ಒಂದಲ್ಲ ಕಣವ್ವ, ಒಂದೂವರೆ ಕೂಸು ಅದೆ ಇದ್ರೊಳ್ಗೆ!" ಎಂದು ನಗಿಸಿದಳು. ಶಿವರತ್ನಮ್ಮ ಹಿಗ್ಗಿ ಹೀರೇಕಾಯಿಯಾದಳು. ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿತ್ತು.

ಒಂಬತ್ತನೇ ತಿಂಗಳಲ್ಲಿ ಒಂದು ಬುಧವಾರ ಬೆಳಗ್ಗೆ ನಾಗಶ್ರೀ ಎದ್ದವಳು ಹಾಗೇ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಳು. ಎಡಕ್ಕೆ ತಿರುಗಿ ಮಲಗಿದಳು. ಬಲಕ್ಕೆ ತಿರುಗಿದಳು.

"ಅತ್ತೆ... ಕೂಸು ಅಲ್ಲಾಡ್ತಿಲ್ಲ..."

ಆಂಬ್ಯುಲೆನ್ಸ್ ಹನೂರು ದಾಟಿ ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸ್ಕ್ಯಾನಿಂಗ್ ಕೋಣೆಯ ಡಾಕ್ಟರಮ್ಮ ಬಹಳ ಹೊತ್ತು ಹುಡುಕಿದರು. ಆಮೇಲೆ ಕನ್ನಡಕ ತೆಗೆದು ಅವಳ ಭುಜದ ಮೇಲೆ ಕೈಯಿಟ್ಟರು. ಅವಳ ರಕ್ತದಲ್ಲಿ ಸಕ್ಕರೆ ಇನ್ನೂರ ತೊಂಬತ್ತು. ಹಡೆಯುವ ನೋವೆಲ್ಲವನ್ನೂ ಅವಳು ಪೂರ್ತಿ ತಿಂದಳು... ಅಳು ಮಾತ್ರ ಕೇಳಲಿಲ್ಲ! ನಾಲ್ಕೂಕಾಲು ಕೇಜಿಯ ಗಂಡು. ಕಪ್ಪನೆಯ ಕೂದಲು, ಗುರುಪ್ರಕಾಶನದೇ ಹಣೆ. ಬೆಟ್ಟದಿಂದ ಓಡಿಬಂದ ಅಪ್ಪ ಬಿಳಿ ಬಟ್ಟೆಯ ಆ ಗಂಟನ್ನು ಎತ್ತಿಕೊಂಡು, ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತೇ ಇದ್ದ.

ಡಾಕ್ಟರಮ್ಮ ತಾಯಿ ಕಾರ್ಡು ತಿರುವಿದರು. "ಸಕ್ಕರೆ ಪರೀಕ್ಷೆ ಹೊರಗೆ ಮಾಡಿಸಿದ್ದು ಅಂತಿದೆ. ಯಾವ ಲ್ಯಾಬಿನಲ್ಲಿ? ಆಗಲೇ ಗೊತ್ತಾಗಿದ್ದರೆ ಊಟ, ಔಷಧದಲ್ಲಿ ಹಿಡಿತಕ್ಕೆ ತರಬಹುದಿತ್ತು. ಮಗು ಉಳಿಯುವ ಸಾಧ್ಯತೆ ಬಹಳವಿತ್ತು..."

ಅವರು ಹೊರಟ ಮೇಲೆ ಗುರುಪ್ರಕಾಶ್ ತಿರುಗಿದ. "ಯಾವ್ ಲ್ಯಾಬು?"

ಶಿವರತ್ನಮ್ಮ ಸೊಸೆಯ ಹೊದಿಕೆಯನ್ನು ಎಳೆದು ಸರಿಮಾಡಿದಳು.

"ಕೇಳ್ತಾ ಇವ್ನಿ! ಯಾವ್ ಲ್ಯಾಬು? ಬಂದಿದ್ರಾ, ಇಲ್ವಾ? ಬ್ಯಾಡ ಅಂದೋರು ಯಾರು?"

ಶಿವರತ್ನಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಮಗಾ... ನಾ..."

"ನಾನೇ," ಎಂದಳು ನಾಗಶ್ರೀ. "ಅತ್ತೆ ಕರೆದ್ರು. ವಾಂತಿ ಆಯ್ತದೆ ಅಂತ ನಾನೇ ಬರಲ್ಲ ಅಂದೆ. ಪದ್ಮಿನಿಗೂ ನಿಮ್ಗೂ ಸುಳ್ಳು ಏಳಿದ್ದು ನಾನೇ."

ಅವನು ಬೈಯಲಿಲ್ಲ, ಕೈಯೆತ್ತಲಿಲ್ಲ. ಅಪರಿಚಿತಳನ್ನು ನೋಡುವಂತೆ ಅವಳನ್ನು ನೋಡಿ ಹೊರಗೆ ನಡೆದುಬಿಟ್ಟ.

ಶಿವರತ್ನಮ್ಮ ಮಂಚದ ಪಕ್ಕ ಕುಸಿದು ಕುಳಿತಳು. "ಯಾಕಂಗಂದೆ ಕೂಸೆ? ಯಾಕಂಗಂದೆ...? ನನ್ ಪಾಪನ ನೀ ಯಾಕ್ ಒತ್ಕಂಡೆ?"

"ಅರ್ಧ ನಂದೂ ಅದೆ ಅತ್ತೆ. ಅವತ್ತು ಪದ್ಮಿನಿ ಕೇಳ್ದಾಗ ನಾನು ಬಾಯಿ ಬುಡ್ಲಿಲ್ಲ." ನಾಗಶ್ರೀ ಗೋಡೆಯ ಕಡೆಗೆ ತಿರುಗಿದಳು. "ನನ್ ಮಗ ಓದ. ನಿಮ್ ಮಗನಾದ್ರೂ ನಿಮ್ಗಿರ್ಲಿ."

ಶಿವರತ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಿಜ ಹೇಳಿಬಿಡಬೇಕೆಂದು ಎದ್ದಳು. ಬಾಗಿಲವರೆಗೆ ಹೋದಳು... ವರಾಂಡದ ತುದಿಯಲ್ಲಿ ಮಗನ ಬೆನ್ನು ಕಂಡಿತು. ಹಿಂದಿರುಗಿ ಬಂದು ಕುಳಿತಳು.

ಮೂರು ದಿನ ಕಳೆದು ಮನೆಗೆ ಕಳಿಸಿದರು. ಕಾರಿನಲ್ಲಿ ಗುರುಪ್ರಕಾಶ್ ಡ್ರೈವರ್ ಪಕ್ಕ ಕುಳಿತ, ಅತ್ತೆ ಸೊಸೆ ಹಿಂದೆ. ನಾಗಶ್ರೀಯ ಎದೆಹಾಲು ಕುಪ್ಪಸ ನೆನೆಸಿ ಇಳಿಯುತ್ತಿತ್ತು. ಹನೂರಿನಲ್ಲಿ ಕಾರು ನಿಲ್ಲಿಸಿ ಅವನು ತಾಯಿಗೆಂದು ಟೀ ತಂದ. ಕಿಟಕಿಯಲ್ಲಿ ಕೈಚಾಚಿ ಕೊಟ್ಟ.

ಒಂದೇ ಲೋಟ.